ಅಂಡಮಾನಿನ ಹೊಸಲುಗಳು

ಪೆರೇಸಂದ್ರ ದಾಟಿದ ಮೇಲೆ ಹೆದ್ದಾರಿಯ ಪಕ್ಕದಲ್ಲಿ ಈಚೆಗೆ ಒಂದು ಹೋಟೆಲು ಎದ್ದಿದೆ. ಲೋಡುಗಟ್ಟಲೆ ಮರಳು ಸುರಿದು, ಪ್ಲಾಸ್ಟಿಕ್ ತೆಂಗಿನ ಮರ ನೆಟ್ಟು, ಅದಕ್ಕೆ ನೀಲಿ ಲೈಟು ಸುತ್ತಿ, ಬಾಗಿಲಲ್ಲಿ ಮುರುಕಲು ದೋಣಿಯೊಂದನ್ನು ಮಲಗಿಸಿ ‘ಐಲ್ಯಾಂಡ್’ ಎಂದು ಬೋರ್ಡು ಹಾಕಿದ್ದಾರೆ. ಸಾವಿರ ಅಡಿ ಕೊರೆಸಿದರೂ ಬೋರಿನಲ್ಲಿ ಬರೀ ದೂಳು ಬರುವ ಜಾಗದಲ್ಲಿ ದ್ವೀಪ! ನಮ್ಮ ಸ್ಕೂಲಿನ ಸಹೋದ್ಯೋಗಿಯೊಬ್ಬರು ಬಡ್ತಿ ಸಿಕ್ಕಿದ ಖುಷಿಗೆ ಮೊನ್ನೆ ನಮ್ಮನ್ನೆಲ್ಲ ಅಲ್ಲಿಗೆ ಕರೆದೊಯ್ದಿದ್ದರು. ಬೆಣ್ಣೆಯಲ್ಲಿ ಹುರಿದ ಬೆಳ್ಳುಳ್ಳಿ, ತೆಂಗಿನ ಹಾಲಿನಲ್ಲಿ ಬೆಂದ ಮೀನು, ಅದರ ಮೇಲೆ ಹಿಂಡಿದ ನಿಂಬೆಹಣ್ಣು, ಇವೆಲ್ಲದರ ವಾಸನೆ ಒಟ್ಟಿಗೆ ಮೂಗಿಗೆ ಬಡಿಯಿತು. ಬೇರೆಯವರಿಗೆ ಬಾಯಲ್ಲಿ ನೀರೂರಿತು. ನನಗೆ ಸಿಟ್ಟು ಬಂತು.

ಯಾಕೆಂದರೆ ಆ ವಾಸನೆ ನನಗೆ ಮೂರು ವರ್ಷದ ಹಿಂದಿನ ಆಷಾಢದಿಂದಲೂ ಗೊತ್ತು.

ಮಾನಸ ನನ್ನ ತಮ್ಮನ ಮಗಳು. ಮೇಲೂರಿನಲ್ಲಿ ತಮ್ಮನದು ಹಿಪ್ಪುನೇರಳೆ ತೋಟ, ರೇಷ್ಮೆ ಹುಳು ಸಾಕುವ ಮನೆ. ಮಾನಸ ಚಿಕ್ಕಬಳ್ಳಾಪುರದ ಒಂದು ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುತ್ತಿದ್ದಳು. ಆ ವರ್ಷ ವೈಶಾಖದಲ್ಲಿ ಗೌರಿಬಿದನೂರಿನ ಹರ್ಷನ ಜೊತೆ ಅವಳ ನಿಶ್ಚಿತಾರ್ಥವಾಯಿತು. ಹುಡುಗ ಬ್ಯಾಂಕಿನಲ್ಲಿ ಕೆಲಸ ಮಾಡುವವನು, ನೋಡಲು ಲಕ್ಷಣವಾಗಿದ್ದ, ಮೆಲ್ಲಗೆ ಮಾತಾಡುತ್ತಿದ್ದ. ಅವನ ತಂದೆ ನಂಜುಂಡಪ್ಪನವರು ಗುಮಾಸ್ತರಾಗಿ ನಿವೃತ್ತರಾದವರು, ಆದರೆ ಕುರ್ಚಿ ಬಿಟ್ಟಿದ್ದರೇ ಹೊರತು ಗತ್ತು ಬಿಟ್ಟಿರಲಿಲ್ಲ. ತಾಯಿ ಲಲಿತಮ್ಮನವರ ಬಗ್ಗೆ ಮುಂದೆ ಹೇಳುವುದು ಬೇಕಾದಷ್ಟಿದೆ. ಮದುವೆ ಶ್ರಾವಣದಲ್ಲಿ ಎಂದು ನಿಶ್ಚಯವಾಯಿತು.

ಈಗಿನ ಕಾಲದಲ್ಲಿ ತಾಳಿ ಇಲ್ಲದೆ ಮದುವೆಯಾದರೂ ಆದೀತು, ಪ್ರೀವೆಡ್ಡಿಂಗ್ ಶೂಟ್ ಇಲ್ಲದೆ ಆಗದು. ನಮ್ಮ ಕಡೆಯವರಿಗೆ ಮೊದಲು ನಂದಿಬೆಟ್ಟ ಸಾಕಾಗಿತ್ತು. ಹರ್ಷನ ಸ್ನೇಹಿತನೊಬ್ಬ ಸಮುದ್ರದಲ್ಲಿ ನಿಂತು ಫೋಟೋ ತೆಗೆಸಿಕೊಂಡಿದ್ದನಂತೆ, ಹಾಗಾಗಿ ಇವನಿಗೂ ಸಮುದ್ರ ಬೇಕಾಯಿತು. ಆಷಾಢದಲ್ಲಿ ಅಂಡಮಾನಿಗೆ ಟಿಕೆಟ್ಟು ಸಸ್ತಾ ಎಂದು ನಂಜುಂಡಪ್ಪನವರು ಪತ್ತೆ ಹಚ್ಚಿದರು. ಯಾಕೆ ಸಸ್ತಾ ಎಂದು ಕೇಳುವ ಗೋಜಿಗೆ ಹೋಗಲಿಲ್ಲ. ಆಷಾಢದಲ್ಲಿ ಶುಭಕಾರ್ಯ ಮಾಡಬಾರದಲ್ಲವೇ ಎಂದು ನಾನು ಕೇಳಿದ್ದಕ್ಕೆ, “ಶೂಟಿಂಗಿಗೆ ಆಷಾಢ ಲೆಕ್ಕ ಇಲ್ಲ ಟೀಚರಮ್ಮ” ಅಂದರು. ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ.

ಮದುವೆಗೆ ಮುಂಚೆ ಹುಡುಗ ಹುಡುಗಿ ಇಬ್ಬರನ್ನೇ ಕಳಿಸುವ ಹಾಗಿಲ್ಲ. ಅವನ ಕಡೆಯಿಂದ ಅಪ್ಪ ಅಮ್ಮ ಹೊರಟರು. ನಮ್ಮ ಕಡೆ ಹುಳು ನಾಲ್ಕನೇ ಜ್ವರದಿಂದ ಪೊರೆ ಕಳಚಿ ಎದ್ದು ಹಗಲು ರಾತ್ರಿ ಸೊಪ್ಪು ಮೇಯುವ ಹೊತ್ತು, ತಮ್ಮನೂ ಅವನ ಹೆಂಡತಿಯೂ ಮನೆ ಬಿಟ್ಟು ಅಲ್ಲಾಡುವಂತಿರಲಿಲ್ಲ. ಸೋದರತ್ತೆಯಾದ ನಾನು ಹೊರಡಬೇಕಾಯಿತು. ಚಿಂತಾಮಣಿಯಿಂದ ನನ್ನನ್ನು ಕರೆಸಿಕೊಂಡು ತಮ್ಮ ಕೈ ಮುಗಿದ.

“ಅಕ್ಕಾ, ನಿನ್ನ ಬಾಯಿ ನಂಗೊತ್ತು. ನಾವು ಹೆಣ್ಣಿನ ಕಡೆಯೋರು. ಅವ್ರು ಏನಂದ್ರೂ ಹೂಂ ಅಂದ್ಬಿಡು. ನೀವು ಬಂದ್ಮೇಲೆ ಲಗ್ನಪತ್ರಿಕೆ ಪ್ರಿಂಟಿಗೆ ಕೊಡ್ತೀನಿ.”

ಮಾನಸ ಮಾತ್ರ ನನ್ನ ಪಕ್ಕ ಕೂತು ಬೇರೆಯೇ ಮಾತು ಹೇಳಿದಳು. “ಅತ್ತೆ, ಹರ್ಷ ಒಳ್ಳೇವ್ರು. ಫೋನಲ್ಲಿ ಎಷ್ಟು ಚೆನ್ನಾಗಿ ಮಾತಾಡ್ತಾರೆ ಗೊತ್ತಾ. ಆದ್ರೆ ಅಪ್ಪ ಅಮ್ಮನ ಮುಂದೆ ಹೆಂಗಿರ್ತಾರೆ ಅಂತ ಒಂದ್ಸಲ ನೋಡ್ಬೇಕು. ಪ್ರಿಂಟಿಗೆ ಹೋದ್ಮೇಲೆ ನೋಡೋಕಾಗಲ್ಲ.”

ಬುದ್ಧಿವಂತೆ. ನಮ್ಮ ಕಾಲದಲ್ಲಿ ನಾವು ತಾಳಿ ಕಟ್ಟಿಸಿಕೊಂಡ ಮೇಲೆ ನೋಡಿದೆವು.

ಎಡವಟ್ಟು ಶುರುವಾಗಿದ್ದು ವಿಮಾನದ ಬುಡದಲ್ಲೇ. ಬಸ್ಸು ನಮ್ಮನ್ನು ವಿಮಾನದ ಹತ್ತಿರ ಇಳಿಸಿತು. ಹತ್ತುವುದಕ್ಕೆ ಮುಂದೊಂದು ಏಣಿ, ಹಿಂದೊಂದು ಏಣಿ. ಮಾನಸ ಮುಂದಿನದಕ್ಕೆ ಕಾಲಿಡುವಷ್ಟರಲ್ಲಿ ಲಲಿತಮ್ಮ ಅವಳ ತೋಳು ಹಿಡಿದರು.

“ನೀನು ಹಿಂದಿಂದ ಹತ್ತಮ್ಮ. ಆಷಾಢದಲ್ಲಿ ಅತ್ತೆ ಸೊಸೆ ಒಂದೇ ಹೊಸಲು ದಾಟಬಾರ್ದು.”

ಈ ಶಾಸ್ತ್ರ ನನಗೆ ಗೊತ್ತಿಲ್ಲದ್ದೇನಲ್ಲ. ಹೊಸದಾಗಿ ಮದುವೆಯಾದ ಹುಡುಗಿ ಮೊದಲ ಆಷಾಢದಲ್ಲಿ ತವರಿಗೆ ಬಂದು, ತಿಂದುಂಡು ಮಲಗಿ ಎದ್ದು, ಒಂದು ತಿಂಗಳು ಅತ್ತೆಯ ಮುಖ ನೋಡದೆ ನೆಮ್ಮದಿಯಾಗಿರಲಿ ಎಂದು ಯಾರೋ ಪುಣ್ಯಾತ್ಮರು ಮಾಡಿದ ಶಾಸ್ತ್ರ ಅದು. ಅದನ್ನು ಲಲಿತಮ್ಮ ಎತ್ತಿಕೊಂಡು ಹೋಗಿ ವಿಮಾನದ ಬಾಗಿಲಿಗೆ ಕಟ್ಟಿದರು. “ಇನ್ನೂ ಮದುವೆಯೇ ಆಗಿಲ್ಲವಲ್ಲ” ಅಂದೆ. “ತಾಂಬೂಲ ಬದಲಾಯಿಸಿದ ಮೇಲೆ ಸೊಸೆನೇ” ಅಂದರು. ಹಾಗಿದ್ದರೆ ಆಷಾಢದಲ್ಲಿ ಜೊತೆಗೆ ಕರೆದುಕೊಂಡು ಹೊರಟಿದ್ದೇಕೆ ತಾಯಿ ಎಂಬ ಮಾತು ನಾಲಿಗೆ ತುದಿಗೆ ಬಂದಿತ್ತು, ತಮ್ಮನ ಮುಖ ನೆನಪಾಗಿ ನುಂಗಿಕೊಂಡೆ. ನಾವಿಬ್ಬರೂ ಹಿಂದಿನ ಏಣಿ ಹತ್ತಿದೆವು. ನಮ್ಮ ಸೀಟು ಮುಂದಿತ್ತು, ಎದುರು ಬರುವವರನ್ನೆಲ್ಲ ತಳ್ಳಿಕೊಂಡು ಉದ್ದಕ್ಕೂ ನಡೆದೆವು.

ಅಲ್ಲಿ ಇಳಿದರೆ ಮಳೆ. ನಮ್ಮ ಕಡೆ ನಾಲ್ಕು ಹನಿ ಬಿದ್ದರೆ ಸಡಗರಪಡುತ್ತೇವೆ. ಅಲ್ಲಿ ಮಳೆಗೆ ನಾಚಿಕೆ ಎಂಬುದೇ ಇರಲಿಲ್ಲ. ಬೆಳಿಗ್ಗೆ ಬಂತು, ಮಧ್ಯಾಹ್ನ ಬಂತು, ನಡುವೆ ಸುಸ್ತಾಗಿ ಕೊಂಚ ನಿಂತು ಮತ್ತೆ ಬಂತು. ಹಡಗಿನಂಥ ದೊಡ್ಡ ದೋಣಿಯಲ್ಲಿ ಸಣ್ಣ ದ್ವೀಪವೊಂದಕ್ಕೆ ಹೋದೆವು. ದೋಣಿಗೆ ಇದ್ದಿದ್ದು ಒಂದೇ ಬಾಗಿಲು, ಹೊಸಲೂ ಮೊಣಕಾಲೆತ್ತರವಿತ್ತು. ಲಲಿತಮ್ಮ ಸ್ವಲ್ಪ ಹೊತ್ತು ಯೋಚಿಸಿ “ನೀರಿನ ಮೇಲೆ ದೋಷ ಇಲ್ಲ” ಎಂದು ತೀರ್ಪು ಕೊಟ್ಟರು. ದ್ವೀಪದಲ್ಲಿ ಗೊತ್ತುಮಾಡಿದ್ದ ಫೋಟೋಗ್ರಾಫರ್ ಆಕಾಶ ನೋಡಿ ಫೋನ್ ಆಫ್ ಮಾಡಿಕೊಂಡ. ಸಮುದ್ರಕ್ಕೆ ಕೆಂಪು ಬಾವುಟ ನೆಟ್ಟು ಇಳಿಯಬಾರದು ಅಂದರು. ಇನ್ನು ಮಾಡುವುದೇನು? ಹೋಟೆಲಿನಿಂದ ಹೋಟೆಲಿಗೆ ಹೋಗಿ ತಿನ್ನುವುದು.

ಮೊದಲ ಹೋಟೆಲಿನಲ್ಲಿ ಲಲಿತಮ್ಮ ಒಳಗೆ ಹೋಗಿ ಕೂತ ಮೇಲೆ ನಂಜುಂಡಪ್ಪನವರು ಮಾಣಿಯನ್ನು ಕರೆದರು. ಅವನು ತೆಲುಗಿನವನು. ನಮ್ಮ ಗೌರಿಬಿದನೂರಿನವರಿಗೆ ತೆಲುಗು ಸಿಕ್ಕರೆ ಅರ್ಧ ರಾಜ್ಯ ಸಿಕ್ಕ ಹಾಗೆ. “ಏಮಯ್ಯಾ, ವೆನಕ ತಲುಪು ಉಂದಾ?” ಎಂದು ಹಿಂಬಾಗಿಲು ಇದೆಯೇ ಅಂತ ವಿಚಾರಿಸಿದರು. ಆ ಮನುಷ್ಯ ಕಕ್ಕಸಿಗೆ ಹೋಗಬೇಕೇನೋ ಎಂದುಕೊಂಡು ದಾರಿ ತೋರಿಸಿದ. ಅಡುಗೆಮನೆಯ ಹಿಂದೆ, ಮೀನು ತೊಳೆದ ನೀರು ಹರಿಯುವ ಜಾಗದಲ್ಲಿ ಸೀರೆ ಎತ್ತಿ ಹಿಡಿದು ನಾನೂ, ಪ್ಯಾಂಟು ಮಡಿಸಿಕೊಂಡು ಮಾನಸಳೂ ಒಳಗೆ ಹೋದೆವು. ಬಾಣಲೆ ಹಿಡಿದವರು ನಮ್ಮನ್ನು ನೋಡಿ ಬೆಪ್ಪಾದರು. ಹರ್ಷ ಆಗಲೇ ಅಮ್ಮನ ಪಕ್ಕ ಕೂತು ಮೆನು ಓದುತ್ತಿದ್ದ. ಮಾನಸಳನ್ನು ನೋಡಿ ಸಣ್ಣಗೆ ನಕ್ಕ. ಅವಳೂ ನಕ್ಕಳು. ಆಗ ಇನ್ನೂ ಅವಳಿಗೆ ಅದು ತಮಾಷೆಯಾಗಿತ್ತು.

ಆ ಹೋಟೆಲುಗಳ ವೈಭವವನ್ನು ಏನು ಹೇಳಲಿ! ಎಳನೀರಿನ ಬುರುಡೆಗೆ ಕಾಗದದ ಕೊಡೆ ಸಿಕ್ಕಿಸಿ ತರುತ್ತಾರೆ, ಹೊರಗೆ ಸುರಿಯುವ ಮಳೆಗೆ ಅದೇನು ಆಸರೆಯೋ. ಅಂಗೈಯಗಲದ ಮೀನಿನ ತುಂಡು, ಅದರ ಮೇಲೊಂದು ಸೊಪ್ಪಿನ ಎಸಳು, ಸುತ್ತ ಮಗು ಚೆಲ್ಲಿದ ಹಾಗೆ ಎರಡು ಗೆರೆ ಸಾಸು. ತಟ್ಟೆ ಮಾತ್ರ ಮೊರದಷ್ಟು. ಪಕ್ಕದ ಟೇಬಲಿನ ಹೊಸ ಜೋಡಿ ಊಟದ ಫೋಟೋವನ್ನು ನಾನಾ ಭಂಗಿಯಲ್ಲಿ ತೆಗೆದು, ಎರಡು ಚಮಚ ತಿಂದು, ಉಳಿದದ್ದನ್ನು ಬಿಟ್ಟು ಎದ್ದುಹೋಗುತ್ತಿತ್ತು. ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಎಂದಿದ್ದರು ಹಿರಿಯರು. ಈಗ ಊಟವೂ ಪರರು ನೋಡಲಿ ಎಂದೇ.

ನಮ್ಮವರು ಅವರಿಗಿಂತ ಒಂದು ಕೈ ಮೇಲು. ಸಮುದ್ರದ ನಡುವೆ ಕೂತು ನಂಜುಂಡಪ್ಪನವರು ತಿಳಿಸಾರು ಕೇಳಿದರು. ಏಡಿ ತಂದಿಟ್ಟರೆ “ಇದ್ರಲ್ಲಿ ತಿನ್ನೋದು ಎಲ್ಲಿದೆ?” ಎಂದು ಓನರನ್ನೇ ಕರೆಸಿದರು. ಲಲಿತಮ್ಮ ಚೀಲದಿಂದ ಚಟ್ನಿಪುಡಿ ಡಬ್ಬಿ ತೆಗೆದು, ಬೆಣ್ಣೆಯಲ್ಲಿ ತೇಲುವ ಸೀಗಡಿಯ ಮೇಲೆ ಉದುರಿಸಿ “ಈಗ ಬಾಯಿಗಿಡಬಹುದು” ಅಂದರು. ಅದೂ ಹೋಗಲಿ. ಹೆಣ್ಣಿನ ಕಡೆಯವರು ಗಂಡಿನ ಕಡೆಯವರಿಗಿಂತ ಮೊದಲು ತುತ್ತೆತ್ತಬಾರದು ಎಂದು ನಮ್ಮಲ್ಲಿ ಒಂದು ರೂಢಿಯಿದೆ. ಎಲೆ ಹಾಕಿ ಪಂಕ್ತಿಯಲ್ಲಿ ಬಡಿಸುವಾಗ ಅದರಿಂದ ತೊಂದರೆಯಿಲ್ಲ, ಎಲ್ಲರಿಗೂ ಒಟ್ಟಿಗೆ ಬಡಿಸುತ್ತಾರೆ. ಅಲ್ಲಿ ಒಬ್ಬೊಬ್ಬರ ತಟ್ಟೆ ಒಂದೊಂದು ಹೊತ್ತಿಗೆ ಬರುತ್ತಿತ್ತು. ಒಂದು ಮಧ್ಯಾಹ್ನ ನನ್ನ ಮತ್ತು ಮಾನಸಳ ಮೀನು ಸಾರು ಹಬೆಯಾಡುತ್ತ ಮೊದಲು ಬಂತು. ನಂಜುಂಡಪ್ಪನವರದು ಬರಲಿಲ್ಲ. ನಾವು ಕೈ ಕಟ್ಟಿ ಕೂತೆವು. ಅವರದು ಬಂತು, ಉಪ್ಪು ಜಾಸ್ತಿ ಎಂದು ವಾಪಸು ಕಳಿಸಿದರು. ನಾವು ಕೂತೇ ಇದ್ದೆವು. ನಮಗೆ ರುಚಿಸಲಿಲ್ಲ ಎಂದುಕೊಂಡು ಮಾಣಿ ಬಂದು, ಬಹಳ ಮರ್ಯಾದೆಯಿಂದ, ನಮ್ಮ ತುಂಬಿದ ತಟ್ಟೆಗಳನ್ನು ಎತ್ತಿಕೊಂಡು ಹೋದ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂಬುದನ್ನು ಮಕ್ಕಳಿಗೆ ಎಷ್ಟು ವರ್ಷ ಹೇಳಿಕೊಟ್ಟಿದ್ದೆನೋ, ಅವತ್ತು ಕಣ್ಣಾರೆ ಕಂಡೆ. ಹರ್ಷ “ಅಯ್ಯೋ” ಅಂದ. ಅಂದು ತನ್ನ ತಟ್ಟೆ ಮುಂದಕ್ಕೆಳೆದುಕೊಂಡ.

ಲಲಿತಮ್ಮನವರ ಹೊಸಲು ಶಾಸ್ತ್ರ ದಿನದಿನಕ್ಕೂ ಸೂಕ್ಷ್ಮವಾಗುತ್ತ ಹೋಯಿತು. ಗೋಡೆಯಿಲ್ಲದ ಗುಡಿಸಲ ಹೋಟೆಲಾದರೆ ದೋಷವಿಲ್ಲ. ಗಾಜಿನ ಬಾಗಿಲಿದ್ದು, ಅದರ ಕೆಳಗೆ ಬೆರಳಗಲದ ತಗಡಿನ ಪಟ್ಟಿಯಿದ್ದರೆ ಅದೂ ಹೊಸಲೇ. ಬಗ್ಗಿ ಕೈಯಲ್ಲಿ ಮುಟ್ಟಿ ನೋಡುತ್ತಿದ್ದರು. ಊಟ ಚೆನ್ನಾಗಿದೆಯೋ ಇಲ್ಲವೋ ಯಾರೂ ಕೇಳಲಿಲ್ಲ, ಬಾಗಿಲು ಎಷ್ಟಿದೆ ಎಂದಷ್ಟೇ ಕೇಳುತ್ತಿದ್ದೆವು. ಲೋಕದಲ್ಲಿ ಹೀಗೆ ಹೋಟೆಲು ಆರಿಸಿದವರು ನಾವೇ ಮೊದಲಿರಬೇಕು.

ಒಂದು ಸಂಜೆ ಸಿಕ್ಕಿದ ಹೋಟೆಲಿಗೆ ಇದ್ದಿದ್ದು ಒಂದೇ ಬಾಗಿಲು. ಲಲಿತಮ್ಮ ಮೊದಲು ದಾಟಿಬಿಟ್ಟರು. ನನಗೂ ಮಾನಸಳಿಗೂ ಹೊರಗೆ ಜಗಲಿಯಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಸಿದರು. ಸೂರಿನ ನೀರು ಕಾಲಿಗೆ ಸಿಡಿಯುತ್ತಿತ್ತು. ಗಾಜಿನಾಚೆ ಆ ಮೂವರು ಉಣ್ಣುವುದು ಕಾಣಿಸುತ್ತಿತ್ತು. ಕೊಂಚ ಹೊತ್ತಿಗೆ ಹರ್ಷ ಹೊರಗೆ ಬಂದ. ನನ್ನ ಜೀವಕ್ಕೆ ಸಮಾಧಾನವಾಯಿತು, ಕುರ್ಚಿ ಸರಿಸಿ ಜಾಗ ಮಾಡಿದೆ. ಅವನು ಕೂರಲಿಲ್ಲ.

“ಸಾರಿ ಕಣೇ ಮಾನಸ. ಅಮ್ಮ ಹಂಗೇನೇ. ನಂಗೂ ಇದ್ರಲ್ಲೆಲ್ಲ ನಂಬಿಕೆ ಇಲ್ಲ. ಇನ್ನೆರಡು ದಿನ ಅಡ್ಜಸ್ಟ್ ಮಾಡ್ಕೋ, ಆಯ್ತಾ?”

“ನೀವೂ ಇಲ್ಲೇ ಕೂತ್ಕೊಳ್ಳಿ” ಅಂದಳು ಮಾನಸ.

“ಕೂರ್ತಿದ್ದೆ. ಒಳಗೆ ಆರ್ಡರ್ ಬಂದಿದೆ, ಆರೋಗುತ್ತೆ.” ಹೋಗುವಾಗ ಮಳೆಯ ಹಿನ್ನೆಲೆಯಲ್ಲಿ ಅವಳದೊಂದು ಫೋಟೋ ತೆಗೆದುಕೊಂಡು “ಸೂಪರ್ ಬಂದಿದೆ” ಎಂದ. ಶೂಟಿಂಗ್ ಎಂದು ನಡೆದದ್ದು ಅಷ್ಟೇ.

ನಂಬುವವರನ್ನು ನಾನು ಸಹಿಸಬಲ್ಲೆ. ಲಲಿತಮ್ಮ ನಂಬಿದ್ದರು, ಅವರ ತಲೆ, ಅವರ ಶಾಸ್ತ್ರ. ನಂಬಿಕೆಯಿಲ್ಲ ಎಂದು ಹೇಳುತ್ತಲೇ ಒಳಗೆ ಹೋಗಿ ಬಿಸಿ ಊಟಕ್ಕೆ ಕೂರುವವನನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಅವನು ಹೋದ ಮೇಲೆ ತಡೆಯಲಾರದೆ ಕೇಳಿದೆ. “ಮಾನಸ, ಸಾಕೇನೆ ನೋಡಿದ್ದು?”

ಅವಳು ಕುರ್ಚಿಯನ್ನು ಸೂರಿನ ನೀರಿನಿಂದ ಈಚೆಗೆ ಎಳೆದುಕೊಂಡಳು. ಆಮೇಲೆ, “ನಂಗವ್ರು ಇಷ್ಟ ಅತ್ತೆ. ಅಮ್ಮನ ಜೊತೆ ಜಗಳ ಆಡ್ಬೇಕು ಅಂತ ಕೇಳ್ತಿಲ್ಲ. ಒಂದೇ ಒಂದ್ಸಲ ನನ್ನ ಜೊತೆ ಹಿಂದ್ಗಡೆ ಬಾಗ್ಲಿಂದ ಬಂದ್ರೆ ಸಾಕು. ಇನ್ನೂ ಊಟ ಇದೆಯಲ್ಲ, ನೋಡಣ” ಅಂದಳು. ಇಷ್ಟು ಓದಿದ, ಇಷ್ಟು ಒಳ್ಳೆಯ ಹುಡುಗಿ, ಇಷ್ಟು ಸಣ್ಣದನ್ನು ಬೇಡುತ್ತ ಕೂತಿದ್ದಾಳಲ್ಲ.

ಊಟಗಳು ಬಂದವು, ಹೋದವು. ಹಿಂಬಾಗಿಲುಗಳೂ ಬಂದವು. ಹರ್ಷ ಬರಲಿಲ್ಲ. ಪ್ರತಿ ಸಲವೂ ಅವಳು ಅಡುಗೆಮನೆಯ ಬಾಗಿಲಲ್ಲಿ ಒಂದು ಗಳಿಗೆ ನಿಂತು ಹಿಂತಿರುಗಿ ನೋಡುವುದನ್ನು ನಾನು ನೋಡಿದೆ. ಬಾಯಿಗೆ ಬೀಗ ಹಾಕಿಕೊಂಡೇ ಇದ್ದೆ. ಫೋನಿನಲ್ಲಿ ತಮ್ಮ “ಎಲ್ಲಾ ಚೆನ್ನಾಗಿ ನಡೀತಿದ್ಯಾ ಅಕ್ಕಾ? ಹುಳು ಹಣ್ಣಾಗ್ತಿದೆ, ಇನ್ನೇನು ಗೂಡು ಕಟ್ಟುತ್ತೆ” ಎಂದು ಕೇಳಿದಾಗ, ಊಟ ಚೆನ್ನಾಗಿದೆ ಎಂದಷ್ಟೇ ಹೇಳಿದೆ.

ಹೊರಡುವ ದಿನ ಮಧ್ಯಾಹ್ನ ದೋಣಿಗೆ ಕಾಯುವಾಗ ಜೆಟ್ಟಿಯ ಹತ್ತಿರ ಒಂದು ಹೋಟೆಲಿಗೆ ಹೋದೆವು. ಆಕಾಶ ಕಪ್ಪಾಗಿ ಹಗಲೇ ದೀಪ ಹಚ್ಚಿದ್ದರು. ಒಳಗೆ ಜನ ತುಂಬಿದ್ದರು, ತವೆಯ ಮೇಲೆ ಮೀನು ಚುರುಗುಟ್ಟುವುದು ರಸ್ತೆಗೆ ಕೇಳಿಸುತ್ತಿತ್ತು. ನಂಜುಂಡಪ್ಪನವರು ಎಂದಿನಂತೆ ತೆಲುಗಿನಲ್ಲಿ ಹಿಂಬಾಗಿಲು ವಿಚಾರಿಸಿದರು. ಹಿಂದೆಲ್ಲ ನೀರು ನಿಂತಿದೆ, ಬಾಗಿಲು ಹಾಕಿದ್ದೇವೆ ಅಂದರು. ಜಗಲಿಯೂ ಇರಲಿಲ್ಲ. ಎದುರಿಗೆ ಒಂದು ಮುಚ್ಚಿದ ಅಂಗಡಿಯ ಸೂರಷ್ಟೇ ಇತ್ತು.

ಲಲಿತಮ್ಮ ಸೂರಿನತ್ತ ಕೈ ತೋರಿಸಿದರು. “ಹೋಗಮ್ಮ, ಅಲ್ಲಿ ನಿಂತಿರು. ನಾವು ಬೇಗ ಉಂಡು ನಿಮ್ಮಿಬ್ರಿಗೂ ಪಾರ್ಸಲ್ ಕಟ್ಟಿಸ್ಕೊಂಡು ಬರ್ತೀವಿ.”

ಮಾನಸ ಹರ್ಷನ ಮುಖ ನೋಡಿದಳು. ಅವನು ಕೊಡೆಯ ಗುಂಡಿ ಒತ್ತುತ್ತಿದ್ದ. ಅದು ಬಿಚ್ಚುತ್ತಿರಲಿಲ್ಲ, ಅಥವಾ ಅವನಿಗೆ ಬಿಚ್ಚುವುದು ಬೇಕಿರಲಿಲ್ಲ. ಅವಳು ಕಾದಳು. ಆಮೇಲೆ ನಾಲ್ಕು ಹೆಜ್ಜೆ ನಡೆದು, ಮುಂಬಾಗಿಲಿನ ಹೊಸಲು ದಾಟಿ ಒಳಗೆ ಹೋದಳು. ಖಾಲಿಯಿದ್ದ ಟೇಬಲಿಗೆ ಹೋಗಿ ಕೂತು, “ಬನ್ನಿ ಅತ್ತೆ” ಎಂದು ನನ್ನನ್ನು ಕರೆದಳು. ಹೋದೆ. ಅಷ್ಟು ಖುಷಿಯಿಂದ ನಾನು ಯಾವ ಬಾಗಿಲನ್ನೂ ದಾಟಿಲ್ಲ.

ಈಗ ಹೊರಗೆ ಉಳಿದವರು ಲಲಿತಮ್ಮ.

ಮಾನಸ ಇಡೀ ಮೀನು, ಅನ್ನ, ತೆಂಗಿನ ಹಾಲಿನ ಸಾರು ಹೇಳಿದಳು. ಬಂದ ಕೂಡಲೇ ಯಾರಿಗೂ ಕಾಯದೆ ಕೈ ಹಾಕಿದಳು. ಹಬೆಗೆ ಬೆರಳು ಸುಟ್ಟಿತು, ಊದಿಕೊಂಡು ತಿಂದಳು. ಆ ಐದಾರು ದಿನದಲ್ಲಿ ಅವಳು ಬಿಸಿಯಾಗಿ ಉಂಡದ್ದನ್ನು ನಾನು ನೋಡಿದ್ದು ಅದೇ ಮೊದಲು. ಕಿಟಕಿಯಿಂದ ಮೂವರೂ ಕಾಣುತ್ತಿದ್ದರು. ನಂಜುಂಡಪ್ಪನವರು ಮೀನಿನ ವಾಸನೆಯನ್ನು ಎಷ್ಟು ಹೊತ್ತು ತಡೆದಾರು? ಹೆಂಡತಿಗೆ ಏನೋ ಗೊಣಗಿ, ಒಳಗೆ ಬಂದು, ನಮ್ಮ ಕಡೆ ನೋಡದೆ ಮೂಲೆಯಲ್ಲಿ ಕೂತು “ಏಮುಂದಯ್ಯಾ?” ಎಂದು ಮಾಣಿಯನ್ನು ಏನಿದೆ ಅಂತ ಕೇಳಿದರು. ಗಂಡನಿಗೆ ಹೊಸಲಿನ ಕಟ್ಟಿಲ್ಲ, ಹೊಟ್ಟೆಗಂತೂ ಇಲ್ಲವೇ ಇಲ್ಲ.

ಹರ್ಷ ಬಾಗಿಲ ತನಕ ಬಂದ. ಒಂದು ಕೈಯಲ್ಲಿ ಬಾಗಿಲು ಹಿಡಿದು ನಿಂತ. ಮಾನಸ ತಿನ್ನುವುದನ್ನು ನಿಲ್ಲಿಸಿದಳು. ನಾನೂ ನಿಲ್ಲಿಸಿದೆ. ಅವನು ಒಳಗೆ ನೋಡಿದ, ಅಮ್ಮನನ್ನು ನೋಡಿದ, ವಾಪಸು ಹೋಗಿ ಅಮ್ಮನ ತಲೆಯ ಮೇಲೆ ಕೊಡೆ ಹಿಡಿದ. ಕೊಂಚ ಹೊತ್ತಿಗೆ ಮಾನಸಳ ಫೋನು ಗುಂಯ್ ಎಂದಿತು. ಅವಳು ಓದಿ ನನ್ನ ಕಡೆ ತಿರುಗಿಸಿದಳು. ‘ಬೇಜಾರು ಮಾಡ್ಕೋಬೇಡ. ಬರೋವಾಗ ನಂಗೂ ಅಮ್ಮಂಗೂ ಪಾರ್ಸಲ್ ತಗೊಂಡ್ಬಾ’ ಎಂದಿತ್ತು.

ಅವಳು ಅಳುತ್ತಾಳೆ ಎಂದುಕೊಂಡೆ. ಅಳಲಿಲ್ಲ. ತಟ್ಟೆಯಲ್ಲಿದ್ದುದನ್ನು ಮುಳ್ಳು ಬಿಟ್ಟು ಏನೂ ಉಳಿಸದೆ ತಿಂದು ಮುಗಿಸಿದಳು. ಎದ್ದು ಕೈ ತೊಳೆದಳು. ಸೋಪು ಹಚ್ಚಿದ ಬೆರಳಿನಿಂದ ನಿಶ್ಚಿತಾರ್ಥದ ಉಂಗುರ ಸಲೀಸಾಗಿ ಬಂತು. ಅದನ್ನು ಒರೆಸಿ, ಬಾಗಿಲಿಗೆ ಹೋಗಿ, ಹೊಸಲಿನ ಒಳಗೇ ನಿಂತು ಹರ್ಷನನ್ನು ಕರೆದು ಅವನ ಅಂಗೈಯಲ್ಲಿಟ್ಟಳು. ಅವನು ಅಂಗೈಯನ್ನೇ ನೋಡುತ್ತ ನಿಂತ. ಅವಳು ಅವನ ಹಿಂದೆ ತೊಯ್ದು ನಿಂತಿದ್ದ ಲಲಿತಮ್ಮನವರ ಕಡೆ ತಿರುಗಿ, ಸಿಟ್ಟಿಲ್ಲದ ದನಿಯಲ್ಲಿ ಹೇಳಿದಳು.

“ಆಂಟಿ, ಒಳಗೆ ಬನ್ನಿ. ನಾನಿನ್ನು ನಿಮ್ಮ ಸೊಸೆ ಅಲ್ಲ, ದೋಷ ಇಲ್ಲ. ಊಟ ಬಿಸಿಯಾಗಿದೆ.”

ಲಲಿತಮ್ಮ ಮಗನ ಅಂಗೈ ನೋಡಿದರು. ಒಳಗೆ ಗಂಡ ಉಣ್ಣುತ್ತಿರುವುದನ್ನು ನೋಡಿದರು. ಆಮೇಲೆ ಸೆರಗು ಹಿಂಡಿಕೊಂಡು, ಬಲಗಾಲು ಮುಂದಿಟ್ಟು ಒಳಗೆ ಬಂದರು.